ಕೊಡಗಿನ ಥಂಡಿಯಲ್ಲಿ ಹಳೆಯ ಲ್ಯಾಪ್‌ಟಾಪ್: ದೋಷ ಹುಡುಕುವ ಕೈಪಿಡಿ

ತೋಟದ ಮನೆಯ ಅಟ್ಟದಲ್ಲೋ, ಹಳೆಯ ಆಫೀಸಿನ ಬೀರುವಿನಲ್ಲೋ ಇಪ್ಪತ್ತು ಮೂವತ್ತು ವರ್ಷ ಬಿದ್ದಿದ್ದ ಲ್ಯಾಪ್‌ಟಾಪ್ ಕೈಗೆ ಸಿಕ್ಕರೆ ಅದನ್ನು ತಕ್ಷಣ ಪ್ಲಗ್ಗಿಗೆ ಸಿಕ್ಕಿಸಬೇಡಿ. ಇಂಥ ಯಂತ್ರಗಳಲ್ಲಿ ಹೆಚ್ಚಿನವು ಹಳತಾಗಿ ಸಾಯುವುದಿಲ್ಲ. ವರ್ಷಗಟ್ಟಲೆ ತೇವ ಕುಡಿದ ಬೋರ್ಡಿಗೆ ಒಮ್ಮೆಲೇ ಕರೆಂಟು ಹರಿದಾಗ ಸಾಯುತ್ತವೆ. ಪ್ರೊಸೆಸರ್ ಕೆಡುವುದು ಬಹಳ ಅಪರೂಪ. ಕೆಡುವುದು ಅದರ ಸುತ್ತಲಿನ ಬ್ಯಾಟರಿ, ಕರೆಂಟನ್ನು ಕ್ಷಣಕಾಲ ಹಿಡಿದಿಡುವ ಕೆಪಾಸಿಟರ್, ಪರದೆಯ ಪೊರೆ, ರಬ್ಬರು. ಇವೆಲ್ಲವನ್ನೂ ಮನೆಯ ಮೇಜಿನ ಮೇಲೆಯೇ ಸರಿಪಡಿಸಬಹುದು.

ಇಲ್ಲಿ ಹೇಳುವುದು 1985ರ ತೊಶಿಬಾ ಟಿ1100, 1989ರ ಕಾಂಪ್ಯಾಕ್ ಎಲ್‌ಟಿಇ, 1991ರ ಆಪಲ್ ಪವರ್‌ಬುಕ್, 1992ರ ಥಿಂಕ್‌ಪ್ಯಾಡ್ 700ಸಿ ಮತ್ತು ಅವುಗಳ ನಂತರ 2005ರ ಸುಮಾರಿನವರೆಗೆ ಬಂದ ಯಂತ್ರಗಳಿಗೆ ಸಲ್ಲುತ್ತದೆ. 1981ರ ಆಸ್ಬೋರ್ನ್ 1, 1983ರ ಕಾಂಪ್ಯಾಕ್ ಪೋರ್ಟಬಲ್‌ನಂಥ ಪೆಟ್ಟಿಗೆ ಯಂತ್ರಗಳಲ್ಲಿ ಟಿವಿಯ ಹಾಗೆ ಪಿಕ್ಚರ್ ಟ್ಯೂಬ್ ಇರುತ್ತದೆ. ಆಫ್ ಮಾಡಿದ ಮೇಲೂ ಅದರಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಹಳೆಯ ಟಿವಿ ರಿಪೇರಿಯಲ್ಲಿ ಕೈ ಪಳಗಿದವರು ಪಕ್ಕದಲ್ಲಿಲ್ಲದೆ ಅವುಗಳ ಮುಚ್ಚಳ ತೆಗೆಯಬೇಡಿ.

ಮೊದಲು ಒಣಗಿಸಿ

ಮಡಿಕೇರಿ, ಭಾಗಮಂಡಲದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗಿನ ತೇವಾಂಶ ಶೇ. 90 ದಾಟುವುದು ಮಾಮೂಲು. ಬೂಷ್ಟು ಬೆಳೆಯಲು ಶೇ. 70ರ ಆಸುಪಾಸು ಸಾಕು. ಕುಶಾಲನಗರದ ಬಯಲಲ್ಲಿ ಇದ್ದ ಯಂತ್ರಕ್ಕೂ ಭಾಗಮಂಡಲದ ಯಂತ್ರಕ್ಕೂ ಒಳಗಿನ ಸ್ಥಿತಿಯಲ್ಲಿ ಬಹಳ ವ್ಯತ್ಯಾಸ. ಹಾಗಾಗಿ ಕೊಟ್ಟವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದನ್ನು ಎಲ್ಲಿ ಇಟ್ಟಿದ್ದಿರಿ ಎಂಬುದು. ಯಾವ ವರ್ಷದ್ದು ಎಂಬುದನ್ನು ಆಮೇಲೆ ಕೇಳಿದರೂ ನಡೆಯುತ್ತದೆ.

ಬ್ಯಾಟರಿ ಪ್ಯಾಕ್, ಫ್ಲಾಪಿ, ಪಕ್ಕದ ಸ್ಲಾಟಿನಲ್ಲಿರುವ ಮೋಡೆಮ್ ಕಾರ್ಡ್ ಎಲ್ಲವನ್ನೂ ಹೊರತೆಗೆಯಿರಿ. ಗಾಳಿಯಾಡದ ಹಾಗೆ ಮುಚ್ಚುವ 20 ಲೀಟರ್‌ನ ಪ್ಲಾಸ್ಟಿಕ್ ಡಬ್ಬದಲ್ಲಿ ಅರ್ಧ ಕಿಲೋ ಸಿಲಿಕಾ ಜೆಲ್ ಹಾಕಿ, ಜೊತೆಗೆ ಚಿಕ್ಕದೊಂದು ಡಿಜಿಟಲ್ ತೇವಾಂಶ ಮಾಪಕ ಇಟ್ಟು, ಲ್ಯಾಪ್‌ಟಾಪನ್ನು ಅರ್ಧ ತೆರೆದು ಇಡಿ. ಮಾಪಕ ಶೇ. 40ರಿಂದ 50ಕ್ಕೆ ಇಳಿದು ಎರಡು ದಿನ ಅಲ್ಲೇ ನಿಂತರೆ ಒಣಗಿದೆ ಎಂದರ್ಥ. ವಾರದಿಂದ ಹತ್ತು ದಿನ ಬೇಕಾಗುತ್ತದೆ. ಜೆಲ್ಲಿನ ನೀಲಿ ಹರಳು ಗುಲಾಬಿಯಾದರೆ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿ ಮತ್ತೆ ಬಳಸಿ. ಆ ನೀಲಿ ಬಣ್ಣ ಕೋಬಾಲ್ಟ್ ಕ್ಲೋರೈಡಿನದು, ವಿಷ. ಅಡುಗೆಯ ಪಾತ್ರೆಯಲ್ಲಿ ಹುರಿಯಬೇಡಿ. ಕಿತ್ತಳೆ ಬಣ್ಣದ ಜೆಲ್ ಸಿಕ್ಕರೆ ಅದೇ ಒಳ್ಳೆಯದು.

ಬೀರುವಿನೊಳಗೆ 15 ವ್ಯಾಟ್ ಬಲ್ಬ್ ಉರಿಸಿ ಬಟ್ಟೆ ಕಾಪಾಡುವ ಕ್ರಮ ಇದಕ್ಕೂ ಆಗುತ್ತದೆ. ಆದರೆ ಬಲ್ಬಿನಿಂದ ಒಂದೂವರೆ ಅಡಿ ದೂರವಿರಲಿ, ಬಿಸಿ 40 ಡಿಗ್ರಿ ದಾಟದಿರಲಿ. ಕಾಫಿ ಕಣದ ಬಿಸಿಲೂ ಬೇಡ, ಒಲೆಯ ಮೇಲಿನ ಅಟ್ಟವೂ ಬೇಡ: ಬಿಸಿಗೆ ಪರದೆಯ ಪೊರೆ ಕೆಡುತ್ತದೆ, ಹೊಗೆಯ ಜಿಡ್ಡು ಕನೆಕ್ಟರುಗಳ ಮೇಲೆ ಕೂರುತ್ತದೆ. ಅಕ್ಕಿಯಲ್ಲಿ ಹೂತಿಡುವುದರಿಂದ ಹೊಟ್ಟಿನ ಪುಡಿ ಒಳಗೆ ಸೇರುತ್ತದೆಯೇ ಹೊರತು ತೇವ ಹೋಗುವುದಿಲ್ಲ. ನುಸಿಗುಳಿಗೆ ಇರುವ ಬೀರುವಿನಲ್ಲಂತೂ ಇಡಲೇಬೇಡಿ. ಅದರ ಆವಿಗೆ ಕೆಲವು ಬಗೆಯ ಪ್ಲಾಸ್ಟಿಕ್ ಮೆತ್ತಗಾಗುತ್ತದೆ.

ಬಿಚ್ಚಿದಾಗ ಮೂಗು, ಆಮೇಲೆ ಕಣ್ಣು

ಮುಚ್ಚಳ ತೆಗೆದ ಕೂಡಲೇ ಮೂಸಿ ನೋಡಿ. ಮೀನಿನ ವಾಸನೆ ಬಂದರೆ ಕೆಪಾಸಿಟರುಗಳಿಂದ ದ್ರವ ಸೋರಿದೆ. ವಿನೆಗರ್ ವಾಸನೆ ಬಂದರೆ ಪೋಲರೈಸರ್, ಅಂದರೆ ಪರದೆಯ ಬೆಳಕನ್ನು ಸೋಸುವ ಪೊರೆ ಕೊಳೆಯುತ್ತಿದೆ. ಸುಟ್ಟ ವಾಸನೆ ಒಂದೇ ಕಡೆಯಿಂದ ಬರುತ್ತಿದ್ದರೆ ಯಾರೋ ಈಗಾಗಲೇ ಪ್ಲಗ್ಗಿಗೆ ಹಾಕಿ ನೋಡಿದ್ದಾರೆ.

ಬೋರ್ಡಿನ ಮೇಲೆ ಹಸಿರು ಅಥವಾ ನೀಲಿ ಪ್ಲಾಸ್ಟಿಕ್ ಸುತ್ತಿದ 3.6 ವೋಲ್ಟ್‌ನ ಪುಟ್ಟ ಬ್ಯಾಟರಿ ಇದೆಯೇ ಹುಡುಕಿ. ಗಡಿಯಾರ ಮತ್ತು ಸೆಟ್ಟಿಂಗ್ ಉಳಿಸಲು ಇಟ್ಟ ನಿಕ್ಕಲ್ ಬ್ಯಾಟರಿ ಅದು. ಸೋರಿದಾಗ ಹೊರಬರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ತಾಮ್ರದ ಗೆರೆಗಳನ್ನು ತಿಂದು ಹಸಿರು ಕಿಲುಬು ಬಿಡುತ್ತದೆ. ಸೋರಿರಲಿ, ಸೋರದಿರಲಿ, ಕತ್ತರಿಸಿ ತೆಗೆಯಿರಿ. ಕಿಲುಬಿದ್ದ ಕಡೆ ಬಿಳಿ ವಿನೆಗರನ್ನು ಹತ್ತಿಕಡ್ಡಿಯಿಂದ ಹಚ್ಚಿ ಐದು ನಿಮಿಷ ಬಿಡಿ. ಗುಳ್ಳೆ ನಿಂತ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು, ಕೊನೆಗೆ ಶೇ. 99ರ ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಹುಳಿ ಹುಳಿಯೇ ಎಂದು ಕಾಚಂಪುಳಿ ಹಚ್ಚಲು ಹೋಗಬೇಡಿ. ಕುದಿಸಿ ಗಟ್ಟಿ ಮಾಡಿದ ಆ ಕಪ್ಪು ರಸದ ಅಂಟು ಚಿಪ್ಪುಗಳ ಕೆಳಗೆ ಉಳಿದುಬಿಡುತ್ತದೆ.

ತೆಗೆದ ಬ್ಯಾಟರಿಯ ಜಾಗಕ್ಕೆ ಅಂಗಡಿಯಲ್ಲಿ ಸಿಗುವ ಸಿಆರ್2032 ಕಾಯಿನ್ ಸೆಲ್ ನೇರವಾಗಿ ಹಾಕುವುದು ಅಪಾಯ. ಆ ಜಾಗದ ಸರ್ಕ್ಯೂಟು ಬ್ಯಾಟರಿಯನ್ನು ಚಾರ್ಜ್ ಮಾಡುತ್ತದೆ. ಸಿಆರ್2032 ಚಾರ್ಜ್ ಮಾಡುವ ಸೆಲ್ ಅಲ್ಲ, ಉಬ್ಬಿ ಸಿಡಿಯಬಹುದು. ಒಂದೋ 1.2 ವೋಲ್ಟ್‌ನ ಮೂರು ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳ ಪ್ಯಾಕ್ ತಂತಿ ಎಳೆದು ಬೋರ್ಡಿನಿಂದ ದೂರ ಇಡಿ, ಇಲ್ಲವೇ ಕಾಯಿನ್ ಸೆಲ್ಲಿನ ಪ್ಲಸ್ ತಂತಿಗೆ ಒಂದು ಶಾಟ್‌ಕಿ ಡಯೋಡ್ ಸೇರಿಸಿ. ಸೆಲ್ಲಿನಿಂದ ಕರೆಂಟು ಹೊರಗೆ ಹೋಗಬೇಕು, ಒಳಗೆ ಬರಬಾರದು. ಡಯೋಡಿನ ಗೆರೆಯಿರುವ ತುದಿ ಬೋರ್ಡಿನ ಕಡೆಗಿರಲಿ.

ಥಿಂಕ್‌ಪ್ಯಾಡ್‌ಗಳಲ್ಲಿ 161, 163 ಎಂಬ ಸಂಖ್ಯೆ ಕಂಡರೆ ಗಾಬರಿ ಬೇಡ. ಮೊದಲನೆಯದು ಈ ಬ್ಯಾಟರಿ ಮುಗಿದಿದೆ ಎನ್ನುತ್ತದೆ, ಎರಡನೆಯದು ದಿನಾಂಕ ಸಮಯ ಹೊಂದಿಸಿಲ್ಲ ಎನ್ನುತ್ತದೆ.

ಅಡಾಪ್ಟರನ್ನು ಒಂಟಿಯಾಗಿ ಪರೀಕ್ಷಿಸಿ

ಅಮೆರಿಕದಿಂದ ನೆಂಟರು ತಂದ ಯಂತ್ರವಾದರೆ ಅಡಾಪ್ಟರಿನ ಬೆನ್ನಿನ ಅಕ್ಷರ ಓದಿ. 100–240 ವೋಲ್ಟ್ ಎಂದಿದ್ದರೆ ಸರಿ. 120 ಎಂದಷ್ಟೇ ಇದ್ದರೆ ನಮ್ಮ 230 ವೋಲ್ಟಿಗೆ ಆ ಕ್ಷಣವೇ ಸುಡುತ್ತದೆ.

ಮಲ್ಟಿಮೀಟರಿನಲ್ಲಿ ಖಾಲಿ ವೋಲ್ಟೇಜ್ ಸರಿ ಬಂತೆಂದು ನಂಬಬೇಡಿ. ಒಳಗಿನ ಕೆಪಾಸಿಟರ್ ಒಣಗಿದ ಅಡಾಪ್ಟರ್ ಖಾಲಿ ಇದ್ದಾಗ 16 ವೋಲ್ಟ್ ತೋರಿಸಿ, ಹೊರೆ ಬಿದ್ದ ಕೂಡಲೇ 9ಕ್ಕೆ ಕುಸಿಯುತ್ತದೆ. 10 ಓಮ್, 50 ವ್ಯಾಟ್‌ನ ವೈರ್‌ವೂಂಡ್ ರೆಸಿಸ್ಟರ್ ಒಂದನ್ನು ತುದಿಗೆ ಕಟ್ಟಿ ಅಳೆಯಿರಿ. 16 ವೋಲ್ಟಿಗೆ 1.6 ಆಂಪಿಯರ್ ಎಳೆಯುತ್ತದೆ, ಒಂದು ನಿಮಿಷ ಸಾಕು. ಮುಟ್ಟಬೇಡಿ, ಕೈ ಸುಡುತ್ತದೆ. ಅರ್ಧ ವೋಲ್ಟಿಗಿಂತ ಹೆಚ್ಚು ಇಳಿದರೆ ಅಡಾಪ್ಟರೇ ರೋಗಿ. ಇಷ್ಟು ಆಂಪಿಯರ್ ಕೊಡದ ಚಿಕ್ಕ ಅಡಾಪ್ಟರಾದರೆ ಅದರ ಲೇಬಲ್ ನೋಡಿ, ಹೆಚ್ಚು ಓಮ್‌ನ ರೆಸಿಸ್ಟರ್ ಕಟ್ಟಿ ಹೊರೆ ಕಡಿಮೆ ಮಾಡಿ. ಟ್ರಾನ್ಸ್‌ಫಾರ್ಮರ್ ಇರುವ ಭಾರದ ಹಳೆಯ ಅಡಾಪ್ಟರ್ ಮಾತ್ರ ಖಾಲಿ ಇದ್ದಾಗ ಲೇಬಲ್ಲಿಗಿಂತ ಮೂರು ನಾಲ್ಕು ವೋಲ್ಟ್ ಹೆಚ್ಚು ತೋರಿಸುತ್ತದೆ. ಅದು ದೋಷವಲ್ಲ.

ಬದಲಿ ಅಡಾಪ್ಟರ್ ಕೊಳ್ಳುವಾಗ ಪಿನ್ ಕೂತಿತೆಂದು ಹಾಕಬೇಡಿ. ಪವರ್‌ಬುಕ್ 140, 170ಕ್ಕೆ 7.5 ವೋಲ್ಟ್, ತೊಂಬತ್ತರ ದಶಕದ ಕೊನೆಯ ತೊಶಿಬಾ ಸ್ಯಾಟಲೈಟ್‌ಗಳಲ್ಲಿ ಹೆಚ್ಚಿನವಕ್ಕೆ 15 ವೋಲ್ಟ್, ಥಿಂಕ್‌ಪ್ಯಾಡ್ 600ಕ್ಕೆ ಮತ್ತು ಟಿ20ರಿಂದ ಟಿ43ರವರೆಗೆ 16 ವೋಲ್ಟ್, 2006ರ ಟಿ60ರಿಂದಾಚೆಗೆ 20 ವೋಲ್ಟ್. ವೋಲ್ಟ್ ಸಮನಾಗಿರಬೇಕು, ಪ್ಲಸ್ ಮೈನಸ್ ಸರಿಯಿರಬೇಕು; ಆಂಪಿಯರ್ ಹೆಚ್ಚಿದ್ದರೆ ತೊಂದರೆಯಿಲ್ಲ.

ಬಟನ್ ಒತ್ತಿದರೆ ಉಸಿರೇ ಇಲ್ಲ

ಅಡಾಪ್ಟರ್ ಸರಿಯಿದ್ದೂ ದೀಪ ಹತ್ತದಿದ್ದರೆ ಕರೆಂಟು ಬರುವ ದಾರಿಯಲ್ಲೇ ಹೆಜ್ಜೆ ಹಾಕಿ. ಮೊದಲು ಪ್ಲಗ್ ತೂರಿಸುವ ಜ್ಯಾಕ್: ಅಲ್ಲಾಡಿಸಿದಾಗ ದೀಪ ಮಿನುಗಿದರೆ ಅದರ ಬೆಸುಗೆ ಬಿರುಕು ಬಿಟ್ಟಿದೆ. ಹಳೆಯ ಬೆಸುಗೆ ಹೀರಿ ತೆಗೆದು 60/40 ಸೀಸದ ಬೆಸುಗೆ ಹಾಕಿ. ನಂತರ ಜ್ಯಾಕಿನ ಬಳಿಯ ಫ್ಯೂಸ್: ಸಕ್ಕರೆ ಹರಳಿನಷ್ಟು ಚಿಕ್ಕದಿರುತ್ತದೆ, ಪಕ್ಕದಲ್ಲಿ ಎಫ್ ಅಕ್ಷರ ಅಚ್ಚಾಗಿರುತ್ತದೆ. ಅದು ಸೊನ್ನೆ ಓಮ್ ತೋರಿಸಬೇಕು. ಫ್ಯೂಸ್ ಹೋಗಿದ್ದರೆ ಸುಮ್ಮನೆ ಹೋಗಿರುವುದಿಲ್ಲ, ಮುಂದೆ ಎಲ್ಲೋ ಶಾರ್ಟ್ ಇದೆ. ತಂತಿ ಬೆಸೆದು ದಾಟಿಸಿದರೆ ಫ್ಯೂಸಿನ ಬದಲು ಬೋರ್ಡ್ ಸುಡುತ್ತದೆ.

ಶಾರ್ಟ್ ಹುಡುಕಲು ಕರೆಂಟು ತೆಗೆದು, 5 ವೋಲ್ಟ್ ಗೆರೆಗೂ ಗ್ರೌಂಡಿಗೂ ನಡುವೆ ಓಮ್ ಅಳೆಯಿರಿ. ಒಂದೆರಡು ಓಮ್ ಬಂದರೆ ಅನುಮಾನ ಮೊದಲು ಹಳದಿ ಟ್ಯಾಂಟಲಮ್ ಕೆಪಾಸಿಟರ್‌ಗಳ ಮೇಲೆ. ಒಂದೊಂದನ್ನೇ ಎತ್ತಿ ಅಳೆದರೆ ಸಿಕ್ಕಿಬೀಳುತ್ತದೆ.

ನಮ್ಮ ಕಡೆಯ ಯಂತ್ರಗಳಲ್ಲಿ ಇನ್ನೊಂದು ಕಾರಣವೂ ಇರುತ್ತದೆ. ಕಾಫಿ ಹೂ ಮಳೆಯ ಜೊತೆ ಬರುವ ಗುಡುಗು ಸಿಡಿಲಿಗೆ ಟೆಲಿಫೋನ್ ತಂತಿಯ ಮೂಲಕ ಮೋಡೆಮ್ ಸುಟ್ಟಿರುತ್ತದೆ. ಒಳಗೆ ಶಾರ್ಟ್ ಆದ ಮೋಡೆಮ್ ಇಡೀ ಯಂತ್ರವನ್ನು ಏಳಗೊಡುವುದಿಲ್ಲ. ಕಾರ್ಡ್ ಆಗಿದ್ದರೆ ಹೊರಗೆಳೆಯಿರಿ, ಒಳಗೆ ಕೂತಿದ್ದರೆ ಅದರ ಕನೆಕ್ಟರ್ ಬಿಡಿಸಿ ನೋಡಿ. ಇದೊಂದೇ ಕೆಲಸದಿಂದ ಎದ್ದು ಕೂರುವ ಯಂತ್ರಗಳುಂಟು.

ದೀಪ ಹತ್ತಿ ಬರಿ ಬೀಪ್ ಕೇಳಿಸಿದರೆ ಮೆಮೊರಿ ಕಾರ್ಡನ್ನು ಹೊರತೆಗೆದು ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಆಲ್ಕೋಹಾಲಿನಿಂದ ಒರೆಸಿ ಕೂರಿಸಿ.

ಬೇಸಿಗೆಯಲ್ಲಿ ಓಡುತ್ತದೆ, ಮಳೆಗಾಲದಲ್ಲಿ ಕೈ ಕೊಡುತ್ತದೆ

ಹೊರಗಿನ ಕೈಪಿಡಿಗಳಲ್ಲಿ ಈ ದೋಷದ ಬಗ್ಗೆ ಹೆಚ್ಚು ಸಿಗುವುದಿಲ್ಲ, ಕೊಡಗಿನಲ್ಲಿ ಮಾತ್ರ ಇದೇ ಹೆಚ್ಚು. ಫೆಬ್ರವರಿಯಲ್ಲಿ ಚೆನ್ನಾಗಿ ಓಡಿದ ಯಂತ್ರ ಜುಲೈ ಆಗಸ್ಟಿನ ಕಕ್ಕಡ ತಿಂಗಳ ಹೊತ್ತಿಗೆ ತಾನಾಗಿ ರೀಸ್ಟಾರ್ಟ್ ಆಗುತ್ತದೆ, ಅರ್ಧ ಗಂಟೆ ಬಿಸಿಯಾದ ಮೇಲೆ ಮಾತ್ರ ನೆಟ್ಟಗಾಗುತ್ತದೆ, ಅಥವಾ ಆಫ್ ಆಗಿದ್ದಾಗಲೂ ಬ್ಯಾಟರಿ ಖಾಲಿ ಮಾಡುತ್ತದೆ. ಜನ ಮಳೆಯನ್ನು ಬೈದು ಸುಮ್ಮನಾಗುತ್ತಾರೆ. ಆದರೆ ಶುದ್ಧವಾದ ಬೋರ್ಡಿಗೆ ತೇವದ ಗಾಳಿ ಅಷ್ಟು ಕೆಡುಕು ಮಾಡದು. ಬೋರ್ಡಿನ ಮೇಲೆ ಕೆಪಾಸಿಟರಿನ ದ್ರವದ ಕಲೆ ಉಳಿದಿರುವುದೇ ಕಾರಣ. ಎಂಬತ್ತರ ಕೊನೆ, ತೊಂಬತ್ತರ ಮೊದಲ ವರ್ಷಗಳ ಅಲ್ಯೂಮಿನಿಯಂ ಕೆಪಾಸಿಟರುಗಳ ದ್ರವದಲ್ಲಿ ಲವಣಗಳಿವೆ. ಅವು ಗಾಳಿಯ ತೇವವನ್ನು ಹೀರುತ್ತವೆ. ಒಣಗಿದ್ದಾಗ ಸುಮ್ಮನಿರುವ ಕಲೆ, ತೇವ ಹೀರಿದಾಗ ಎರಡು ಗೆರೆಗಳ ನಡುವೆ ಕರೆಂಟು ಸೋರುವ ಸೇತುವೆಯಾಗುತ್ತದೆ. ಹೀಗಾಗಿ ದೋಷ ಯಾವ ತಿಂಗಳಲ್ಲಿ ಬರುತ್ತದೆ ಎಂಬುದನ್ನು ಬರೆದಿಡಿ. ಮೇಲೆ ಹೇಳಿದ ಡಬ್ಬದಲ್ಲಿ ವಾರ ಒಣಗಿಸಿದಾಗ ದೋಷ ಮಾಯವಾಗಿ, ಹೊರಗಿಟ್ಟ ಎರಡು ಮೂರು ದಿನದಲ್ಲಿ ಮರಳಿದರೆ ಬೇರೆ ಪರೀಕ್ಷೆಯೇ ಬೇಡ, ಕಾರಣ ಈ ಕಲೆಯೇ.

ಜಾಗ ಹುಡುಕಲು ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಕೆಪಾಸಿಟರ್ ಪಕ್ಕದ ಬೆಸುಗೆ ಹೊಳಪಿಲ್ಲದೆ ಬೂದು ಬಣ್ಣಕ್ಕೆ ತಿರುಗಿದ್ದರೆ ಅಲ್ಲಿ ಸೋರಿದೆ. ಹತ್ತಿರದ ಎರಡು ಗೆರೆಗಳ ನಡುವೆ ಮಲ್ಟಿಮೀಟರಿನ 20 ಮೆಗಾಓಮ್ ಅಳತೆಯಲ್ಲಿ ನೋಡಿ. ಯಾವ ಭಾಗವೂ ಜೋಡಿಸದ ಗೆರೆಗಳಾಗಿದ್ದರೆ ಮೀಟರ್ ಏನೂ ತೋರಿಸಬಾರದು. ನಾಲ್ಕೈದು ಮೆಗಾಓಮ್ ಕಂಡರೂ ಅಲ್ಲಿ ಸೋರಿಕೆ ಇದೆ. ಕಣ್ಣಿಗೆ ಬೀಳದಿದ್ದರೆ ಯಂತ್ರ ಕೆಟ್ಟು ಕೂತಿರುವಾಗ ಹೇರ್ ಡ್ರೈಯರಿನ ಬೆಚ್ಚನೆ ಗಾಳಿಯನ್ನು ಬೋರ್ಡಿನ ಒಂದೊಂದೇ ಮೂಲೆಗೆ ಬಿಡಿ. ಯಾವ ಮೂಲೆ ಬೆಚ್ಚಗಾದಾಗ ದೋಷ ಹೋಗುತ್ತದೋ ದೋಷ ಅಲ್ಲಿದೆ. ಪರದೆಯ ಹಿಂದಿನ ದೀಪ ಉರಿಸುವ ಇನ್ವರ್ಟರ್ ಬೋರ್ಡಿನ ಹತ್ತಿರ ಮಾತ್ರ ಹೀಗೆ ಮಾಡಬೇಡಿ, ಅದರಲ್ಲಿ ಸಾವಿರ ವೋಲ್ಟ್ ದಾಟಿದ ಕರೆಂಟಿರುತ್ತದೆ.

ಸೋರಿದ ಕೆಪಾಸಿಟರುಗಳನ್ನು ಒಂದಲ್ಲ, ಆ ತಂಡದ ಎಲ್ಲವನ್ನೂ ಬದಲಿಸಿ. ಒಂದೇ ವರ್ಷ ಒಂದೇ ಕಡೆ ತಯಾರಾದವು ಒಂದೇ ಸಮಯಕ್ಕೆ ಸೋರುತ್ತವೆ. ಕಲೆಯ ಮೇಲೆ ಬೆಸುಗೆ ಕರಗುವುದಿಲ್ಲ, ಬಲವಂತ ಮಾಡಿದರೆ ತಾಮ್ರದ ಪ್ಯಾಡೇ ಕಿತ್ತುಬರುತ್ತದೆ. ಮೊದಲು ಆಲ್ಕೋಹಾಲಿನಲ್ಲಿ ತೊಳೆದು, ಬೆಸುಗೆ ಸರಾಗವಾಗಿ ಹರಿಯುವಂತೆ ಮಾಡುವ ಫ್ಲಕ್ಸ್ ಹಚ್ಚಿ, ಎರಡೂ ಕಾಲಿಗೆ ಹೊಸ ಬೆಸುಗೆ ತುಂಬಿ, ಎರಡು ಐರನ್ನಿನಿಂದ ಒಟ್ಟಿಗೆ ಕಾಯಿಸಿ ಎತ್ತಿ. ತಿರುಚಿ ಕೀಳುವ ವಿಧಾನ ಇಷ್ಟು ಹಳೆಯ ಬೋರ್ಡಿಗೆ ಬೇಡ.

ಬದಲಿ ಹಾಕುವಾಗ ಮೈಕ್ರೊಫ್ಯಾರಡ್ ಅದೇ ಇರಲಿ, ವೋಲ್ಟ್ ಅಷ್ಟೇ ಅಥವಾ ಹೆಚ್ಚಿರಲಿ. ಟ್ಯಾಂಟಲಮ್ ಹಾಕುವುದಾದರೆ ಆ ಗೆರೆಯ ವೋಲ್ಟೇಜಿನ ಎರಡು ಪಟ್ಟಿನದು ಬೇಕು: 5 ವೋಲ್ಟ್ ಗೆರೆಗೆ 10 ಅಥವಾ 16 ವೋಲ್ಟ್‌ನದು. ಇಲ್ಲಿ ಪಳಗಿದವರೂ ಎಡವುವ ಜಾಗವೊಂದಿದೆ. ಬೋರ್ಡಿಗೆ ಅಂಟಿದಂತೆ ಕೂರುವ ಅಲ್ಯೂಮಿನಿಯಂ ಡಬ್ಬಿಯ ಕಪ್ಪು ಗುರುತು ಮೈನಸ್, ಚಪ್ಪಟೆ ಟ್ಯಾಂಟಲಮ್‌ನ ಪಟ್ಟಿ ಪ್ಲಸ್. ಗುರುತಿಗೆ ಗುರುತು ಹೊಂದಿಸಿ ಕೂರಿಸಿದರೆ ಆನ್ ಮಾಡಿದ ಕ್ಷಣ ಬೆಂಕಿ ಕಾರುತ್ತದೆ.

ಹಳೆಯದು ತೆಗೆದ ಮೇಲೆ, ಹೊಸದು ಹಾಕುವ ಮೊದಲು ಬೋರ್ಡನ್ನು ತೊಳೆಯಬೇಕು. ಪರದೆ, ಡಿಸ್ಕ್, ಬ್ಯಾಟರಿ, ಸ್ಪೀಕರ್ ಎಲ್ಲ ಬಿಡಿಸಿ ಬರಿಯ ಬೋರ್ಡನ್ನು ಉಗುರುಬೆಚ್ಚಗಿನ ನೀರಿನಲ್ಲಿ ಬ್ರಷ್ ಹಾಕಿ ತೊಳೆದು, ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸಿ, ಆಲ್ಕೋಹಾಲ್ ಸುರಿದು ಚಿಪ್ಪುಗಳ ಅಡಿಯ ನೀರು ಹೊರಡಿಸಿ, 40 ಡಿಗ್ರಿಯಲ್ಲಿ ಎರಡು ದಿನ ಒಣಗಿಸಿ. ಹಲವರು ಈ ಹಂತವನ್ನು ಹೆದರಿಕೆಯಿಂದ ಬಿಡುತ್ತಾರೆ. ಬಿಟ್ಟರೆ ಹೊಸ ಕೆಪಾಸಿಟರಿನ ಅಡಿಯಲ್ಲೇ ಹಳೆಯ ಕಲೆ ಕೂತಿದ್ದು ಮುಂದಿನ ಜುಲೈಗೆ ಅದೇ ದೋಷ ಬರುತ್ತದೆ.

ಪವರ್‌ಬುಕ್ 100 ಸಾಲಿನಲ್ಲಿ ಪರದೆಯ ಬೋರ್ಡು, ತೊಶಿಬಾದ ಟಿ ಸಾಲಿನಲ್ಲಿ ಪವರ್ ಬೋರ್ಡು ಮೊದಲು ನೋಡಬೇಕಾದ ಜಾಗ. ಹೊಸ ಕೆಪಾಸಿಟರ್, ಫ್ಲಕ್ಸ್, ಬೆಸುಗೆ ಹೀರುವ ಜಾಲರಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತವೆ. ಬೆಲೆ ಪಟ್ಟಿಗಿಂತ ಮೊದಲು ನಿಮ್ಮ ಬೋರ್ಡಿನ ಪ್ರತಿ ಕೆಪಾಸಿಟರಿನ ಎತ್ತರ, ಅಗಲ ಬರೆದುಕೊಂಡು ಹೋಗಿ, ಇಲ್ಲವಾದರೆ ಎತ್ತರ ಹೆಚ್ಚಾಗಿ ಮೇಲಿನ ಕೀಬೋರ್ಡ್ ಕೂರುವುದಿಲ್ಲ.

ಯಂತ್ರ ಓಡುತ್ತಿದೆ, ಪರದೆ ಕಪ್ಪು

ಹೊರಗಿನ ಮಾನಿಟರ್ ಜೋಡಿಸಿ. ಥಿಂಕ್‌ಪ್ಯಾಡ್‌ಗಳಲ್ಲಿ ಎಫ್ಎನ್ ಮತ್ತು ಎಫ್7 ಒಟ್ಟಿಗೆ ಒತ್ತಬೇಕು. ಅಲ್ಲಿ ಚಿತ್ರ ಬಂದರೆ ಬೋರ್ಡ್ ಸರಿ, ದೋಷ ಪರದೆಯದು. ಕತ್ತಲೆ ಕೋಣೆಯಲ್ಲಿ ಪರದೆಗೆ ಟಾರ್ಚ್ ಓರೆಯಾಗಿ ಬಿಡಿ. ಮಸುಕಾಗಿ ಅಕ್ಷರ ಕಂಡರೆ ಹಿಂದಿನ ದೀಪ ಅಥವಾ ಅದರ ಇನ್ವರ್ಟರ್ ಹೋಗಿದೆ. ಏನೂ ಕಾಣದಿದ್ದರೆ ಪರದೆಯ ರಿಬ್ಬನ್ ಕೇಬಲ್ ನೋಡಿ, ತುದಿ ಒರೆಸಿ ಮತ್ತೆ ಕೂರಿಸಿ. ಹಳೆಯ ಏಕವರ್ಣದ ಪರದೆಯಾದರೆ ಕಾಂಟ್ರಾಸ್ಟ್ ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ಹತ್ತಾರು ಸಲ ತಿರುಗಿಸಿ, ಒಳಗಿನ ಕಿಲುಬು ಸವೆದು ಸರಿಯಾಗುವುದುಂಟು.

ಪರದೆಯಲ್ಲಿ ಗುಳ್ಳೆ, ಕಂದು ಮಚ್ಚೆ ಇದ್ದು ವಿನೆಗರ್ ವಾಸನೆ ಬರುತ್ತಿದ್ದರೆ ಪೋಲರೈಸರ್ ಪೊರೆಯ ಸೆಲ್ಯುಲೋಸ್ ಟ್ರೈಅಸಿಟೇಟ್ ಒಡೆದು ಅಸಿಟಿಕ್ ಆಮ್ಲ ಬಿಡುತ್ತಿದೆ. ಬಿಸಿ ಮತ್ತು ತೇವ ಎರಡೂ ಇದಕ್ಕೆ ವೇಗ ಕೊಡುತ್ತವೆ. ಬಿಟ್ಟ ಆಮ್ಲವೇ ಮತ್ತಷ್ಟು ಒಡೆಸುವುದರಿಂದ ತಾನಾಗಿ ನಿಲ್ಲುವುದಿಲ್ಲ. ಇಂಥ ಯಂತ್ರವನ್ನು ಇತರ ಯಂತ್ರಗಳ ಜೊತೆ ಮುಚ್ಚಿದ ಡಬ್ಬದಲ್ಲಿ ಇಡಬೇಡಿ. ಪರಿಹಾರ ಪೊರೆ ಬದಲಿಸುವುದು. ಹೊಸ ಲೀನಿಯರ್ ಪೋಲರೈಸರ್ ಹಾಳೆಯನ್ನು ಹಳೆಯದರ ಮೇಲೆ ಇಟ್ಟು ತಿರುಗಿಸುತ್ತ ಯಾವ ಕೋನದಲ್ಲಿ ಪೂರ್ತಿ ತಿಳಿಯಾಗುತ್ತದೆ ಎಂದು ಗುರುತು ಮಾಡಿಕೊಂಡ ಮೇಲೆಯೇ ಹಳೆಯದನ್ನು ಸುಲಿಯಿರಿ. ಅಂಟನ್ನು ಆಲ್ಕೋಹಾಲಿನಲ್ಲಿ ನೆನೆಸಿ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಬೇಕು. ಗಂಟೆಗಟ್ಟಲೆಯ ಕೆಲಸ, ಗಾಜು ತೆಳು.

ಡಿಸ್ಕ್ ಮತ್ತು ಫ್ಲಾಪಿ

ಹಾರ್ಡ್ ಡಿಸ್ಕ್ ಕಟಕಟ ಎನ್ನುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡಬೇಡಿ. ಸದ್ಯ ಓದುತ್ತಿದ್ದರೆ ಮೊದಲ ಕೆಲಸ ಅದರೊಳಗಿನದನ್ನು ನಕಲು ಮಾಡುವುದು. ತೋಟದ ಲೆಕ್ಕ, ಮನೆಯವರ ಪತ್ರ ಅದರಲ್ಲಿ ಇರಬಹುದು. ಆಮೇಲೆ, ಡಿಸ್ಕಿಗೆ 44 ಪಿನ್ ಇರುವ ಯಂತ್ರವಾದರೆ, ಅದರ ಬದಲು 44 ಪಿನ್ನಿನ ಅಡಾಪ್ಟರಿನಲ್ಲಿ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಹಾಕಿ. 41 ಮತ್ತು 42ನೇ ಪಿನ್ನುಗಳಲ್ಲಿ 5 ವೋಲ್ಟ್ ಇದೆ, 43 ಗ್ರೌಂಡ್. ಒಂದು ಸಾಲು ಜಾರಿಸಿ ಕೂರಿಸಿದರೆ ಕಾರ್ಡ್ ಸುಡುತ್ತದೆ, ಹಾಗಾಗಿ ಖಾಲಿ ಬಿಟ್ಟ 20ನೇ ಪಿನ್ನಿನ ಜಾಗ ನೋಡಿ ಹೊಂದಿಸಿ. 1994ಕ್ಕಿಂತ ಹಿಂದಿನ ಹೆಚ್ಚಿನ ಯಂತ್ರಗಳ ಬಯಾಸ್, ಅಂದರೆ ಆನ್ ಮಾಡಿದಾಗ ಮೊದಲು ಓಡುವ ಒಳಗಿನ ಪ್ರೋಗ್ರಾಂ, 1024 ಸಿಲಿಂಡರ್, 16 ಹೆಡ್, 63 ಸೆಕ್ಟರ್ ಅಂದರೆ 504 ಮೆಗಾಬೈಟ್ ದಾಟಿ ಎಣಿಸಲಾರದು. ಅವಕ್ಕೆ 512 ಎಂದು ಮಾರುವ ಕಾರ್ಡ್ ಸರಿಹೊಂದುತ್ತದೆ, ಅದರ ನಿಜ ಗಾತ್ರ ಈ ಮಿತಿಯೊಳಗೇ ಇರುತ್ತದೆ. ವಿಂಡೋಸ್‌ಗೆ ಮೊದಲಿನ ಆಪರೇಟಿಂಗ್ ಸಿಸ್ಟಮ್ ಆದ ಡಾಸ್ 6.22ರಲ್ಲಿ ಡಿಸ್ಕಿನ ಒಂದು ಭಾಗ 2 ಗಿಗಾಬೈಟ್ ಮೀರುವಂತಿಲ್ಲ.

ಫ್ಲಾಪಿ ಹಾಕುವ ಮುನ್ನ ಅದರ ಲೋಹದ ಬಾಗಿಲು ಸರಿಸಿ ತಟ್ಟೆ ನೋಡಿ. ಬಿಳಿ ಚುಕ್ಕಿ ಅಥವಾ ಮಬ್ಬು ಕಂಡರೆ ಬೂಷ್ಟು. ಅದನ್ನು ಓದಿಸಿದರೆ ಡ್ರೈವಿನ ಓದುವ ಹೆಡ್ಡಿಗೆ ಮೆತ್ತಿ, ಮುಂದೆ ಹಾಕುವ ಒಳ್ಳೆಯ ಫ್ಲಾಪಿಗಳನ್ನೂ ಗೀರುತ್ತದೆ. ಒಂದು ಡ್ರೈವಿನಲ್ಲಿ ಒಂದರ ಹಿಂದೊಂದು ಫ್ಲಾಪಿ ಓದದಾದರೆ ಫ್ಲಾಪಿಯನ್ನು ದೂರಬೇಡಿ, ಹೆಡ್ಡನ್ನು ಆಲ್ಕೋಹಾಲಿನಲ್ಲಿ ಒರೆಸಿ. ಮೋಟಾರ್ ಸದ್ದಿದ್ದೂ ತಟ್ಟೆ ತಿರುಗದಿದ್ದರೆ ಒಳಗಿನ ಬೆಲ್ಟ್ ಕರಗಿ ಅಂಟಾಗಿದೆ. ಅಂಟು ಪೂರ್ತಿ ಒರೆಸಿದ ಮೇಲೆ ಹೊಸದು ಹಾಕಿ.

ಕೀಬೋರ್ಡ್

ತಾನಾಗಿ ಅಕ್ಷರ ಬೀಳುತ್ತಿದ್ದರೆ ಮೊದಲು ಒಣಗಿಸಿ. ಕೆಲಸ ಮಾಡದ ಕೀಲಿಗಳ ಪಟ್ಟಿ ಮಾಡಿ: ಕೀಲಿಗಳು ಅಡ್ಡ, ಉದ್ದ ಗೆರೆಗಳ ಜಾಲದಲ್ಲಿ ಕೂತಿರುವುದರಿಂದ ಏಳೆಂಟು ಒಟ್ಟಿಗೆ ಸತ್ತರೆ ಒಂದು ಗೆರೆ ತುಂಡಾಗಿದೆ ಅಥವಾ ರಿಬ್ಬನ್ ತುದಿ ಕಿಲುಬಿದೆ. ಒಂದೇ ಒಂದು ಸತ್ತರೆ ಆ ಕೀಲಿಯ ಅಡಿ ಕೊಳೆ. ಇರುವೆ ಗೂಡು ಕಟ್ಟಿರುವುದೂ ಉಂಟು. ಅವು ಬಿಟ್ಟ ಮಣ್ಣು, ಮೊಟ್ಟೆಯನ್ನು ಬ್ರಷ್ಷಿನಲ್ಲಿ ಗುಡಿಸಿ ಆಲ್ಕೋಹಾಲಿನಲ್ಲಿ ಒರೆಸಿ. ಕೀಟನಾಶಕ ಸಿಂಪಡಿಸಬೇಡಿ, ಅದರ ಎಣ್ಣೆ ಕಾಂಟ್ಯಾಕ್ಟ್ ಮೇಲೆ ಉಳಿಯುತ್ತದೆ.

ಸರಿಯಾದ ಯಂತ್ರವನ್ನು ಬ್ಯಾಟರಿ ಪ್ಯಾಕ್ ಬೇರೆ ಮಾಡಿ ಡಬ್ಬದಲ್ಲಿಡಿ. ಮೇ ಕೊನೆಯಲ್ಲಿ ಜೆಲ್ ಕಾಯಿಸಿ ಹೊಸದಾಗಿ ತುಂಬಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆಗೆದು ಒಂದು ಗಂಟೆ ಓಡಿಸಿ, ಸ್ಟೆಬಿಲೈಸರ್ ಮತ್ತು ಸ್ಪೈಕ್ ಗಾರ್ಡ್ ಮೂಲಕ. ಕರೆಂಟು ಹೋಗಿ ಮರಳಿದ ಮೊದಲ ಐದು ನಿಮಿಷ ಪ್ಲಗ್ ಹೊರಗೇ ಇರಲಿ.